ಕಲ್ಯಾಣದಾಚೆ ಒಂಬತ್ತು ಬಾವುಟ

ಠಾಣೆ

ಠಾಣೆ ರೈಲು ನಿಲ್ದಾಣದ ಹೊರಬಾಗಿಲಲ್ಲಿ ಪೊಲೀಸಿನವನೊಬ್ಬ ನನ್ನ ಚೀಲ ಬಿಚ್ಚಿಸಿದ. ಬಟ್ಟೆಯ ಸುರುಳಿಯೊಳಗಿಂದ ಎರಡು ತುಂಡಿನ ಕಬ್ಬಿಣದ ಕೋಲು ಹೊರಬಂತು, ಜೊತೆಗೆ ಒಂದು ಉಕ್ಕಿನ ಗುಂಡು. ಅವನು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದ. ಆಮೇಲೆ ನನ್ನ ಬಿಳಿ ತಲೆಯನ್ನು ನೋಡಿದ.

"ಯೇ ಕ್ಯಾ ಹೈ, ಬಾಬಾ?"

ಕುದುರೆ ಓಡುವ ನೆಲ ಎಷ್ಟು ಗಟ್ಟಿ, ಎಷ್ಟು ಮೆತ್ತಗೆ ಎಂದು ಅಳೆಯುವ ಕೋಲು ಎಂದು ನನ್ನ ಮೈಸೂರು ಹಿಂದಿಯಲ್ಲಿ ಹೇಳಿದೆ. ಅವನು ನಂಬಲಿಲ್ಲ. ತೋರಿಸು ಎಂದ. ಪಾರ್ಕಿಂಗ್ ಪಕ್ಕದ ಕ್ರೋಟನ್ ಗಿಡಗಳ ಪಾತಿಯಲ್ಲಿ ಕೋಲು ನಿಲ್ಲಿಸಿ, ಗುಂಡನ್ನು ಮೂರು ಬಾರಿ ಮೇಲಿಂದ ಬಿಟ್ಟು, ಕೋಲು ಎಷ್ಟು ಇಳಿಯಿತೆಂದು ಓದಿ ಹೇಳಿದೆ. ಸುತ್ತ ಏಳೆಂಟು ಜನ ಸೇರಿದ್ದರು.

"ತೋ ಇಧರ್ ಘೋಡಾ ದೌಡೇಗಾ?" ಎಂದ ಪೊಲೀಸಿನವನು, ಹಾಗಾದರೆ ಇಲ್ಲಿ ಕುದುರೆ ಓಡುತ್ತದೆಯೇ ಎಂದು.

"ಇಲ್ಲ. ನೀರು ಹೆಚ್ಚಾಗಿದೆ, ಕಾಲು ಹೂತುಕೊಳ್ಳುತ್ತೆ" ಎಂದೆ. ಅವನು ನಕ್ಕು, ಚೀಲ ಕಟ್ಟಲು ತಾನೇ ಕೈಜೋಡಿಸಿದ. ಅಷ್ಟು ಹೊತ್ತಿಗೆ ನನ್ನನ್ನು ಕರೆದೊಯ್ಯಲು ಬಂದಿದ್ದ ಪ್ರಾಚಿ ಜನರನ್ನು ಸರಿಸಿಕೊಂಡು ಒಳಬಂದಳು.

ನಾನು ಮೂವತ್ತೊಂದು ವರ್ಷ ನಮ್ಮ ಕಡೆಯ ಕುದುರೆ ಪಂದ್ಯದ ಮೈದಾನವೊಂದರಲ್ಲಿ ಟ್ರ್ಯಾಕಿನ ಉಸ್ತುವಾರಿಯಾಗಿದ್ದವನು. ಪಂದ್ಯದ ದಿನ ಬೆಳಗ್ಗೆ ಐದಕ್ಕೆ ಇದೇ ಕೋಲನ್ನು ಹಿಡಿದು ಇಡೀ ಸುತ್ತು ನಡೆದು, ನೆಲದ ಅಂಕಿಯನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ. ನಿವೃತ್ತನಾಗಿ ಒಂಬತ್ತು ವರ್ಷ. ಈ ಸಲ ಮೈದಾನದ ಸಮಿತಿಯವರು ಕರೆದು, ಡೊಂಬಿವಲಿಯ ಹುಡುಗಿಯೊಬ್ಬಳು ಮಣ್ಣಿನ ತೇವ ಅಳೆಯುವ ಯಂತ್ರ ಮಾಡಿದ್ದಾಳೆ, ಮಣ್ಣಿನೊಳಗೆ ಹೂತಿಟ್ಟರೆ ಫೋನಿಗೆ ಅಂಕಿ ಕಳಿಸುತ್ತದಂತೆ, ಹೋಗಿ ಪರೀಕ್ಷೆ ಮಾಡಿ ಬನ್ನಿ, ನೀವು ಬರೆದದ್ದೇ ಅಂತಿಮ ಎಂದರು. ಆ ಹುಡುಗಿಯೇ ಪ್ರಾಚಿ. ಇದಕ್ಕಾಗಿ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಎರಡು ಕಡೆ ಕೇಳಿ ಇಲ್ಲವೆನ್ನಿಸಿಕೊಂಡಿದ್ದಳು. ಉಳಿದದ್ದು ನಮ್ಮ ಸಮಿತಿ ಒಂದೇ.

ಡೊಂಬಿವಲಿ

ಇಲ್ಲಿನ ಲೋಕಲ್ ರೈಲಿನಲ್ಲಿ ಕುಳಿತವರನ್ನು ನಿಂತವರು ಮಾತಾಡಿಸುವ ಒಂದು ಪದ್ಧತಿ ಇದೆ. ನಾನು ಕುಳಿತ ಎರಡೇ ನಿಮಿಷಕ್ಕೆ ಒಬ್ಬರು ಬಾಗಿ, "ಕುಠೇ ಉತರ್ಣಾರ್?" ಎಂದು ಕೇಳಿದರು. ಎಲ್ಲಿ ಇಳಿಯುತ್ತೀರಿ ಎಂದು. ಪರ ಊರಿನವನ ಮೇಲೆ ಎಷ್ಟು ಕಾಳಜಿ ಎನ್ನಿಸಿ, ಡೊಂಬಿವಲಿಯಲ್ಲಿ ಇಳಿಯುವುದನ್ನೂ, ಯಾರ ಮನೆಗೆ ಹೋಗುವುದನ್ನೂ, ಮೈಸೂರಿನಿಂದ ಬಂದ ಕಾರಣವನ್ನೂ ವಿವರಿಸಿದೆ. ಅವರು ತಲೆಯಾಡಿಸುತ್ತಾ ಕೇಳಿದರು. ಕೇಳುತ್ತಲೇ ನನ್ನ ಮೊಣಕಾಲಿನ ಪಕ್ಕ ಗಟ್ಟಿಯಾಗಿ ನಿಂತರು. ಡೊಂಬಿವಲಿಯಲ್ಲಿ ನಾನು ಏಳುವಷ್ಟರಲ್ಲಿ ಅವರು ಕುಳಿತಾಗಿತ್ತು. ಅದು ಕಾಳಜಿಯಲ್ಲ, ಸೀಟಿನ ಮುಂಗಡ ಎಂದು ಪ್ರಾಚಿ ಪ್ಲಾಟ್‌ಫಾರ್ಮಿನಲ್ಲಿ ನಗುತ್ತಾ ತಿಳಿಸಿದಳು. ನಮ್ಮ ಬಸ್ಸುಗಳಲ್ಲಿ ಕರವಸ್ತ್ರ ಎಸೆದು ಸೀಟು ಹಿಡಿಯುವುದಕ್ಕಿಂತ ಇದು ಸಭ್ಯವೆಂದೇ ನನ್ನ ಅಭಿಪ್ರಾಯ.

ಪ್ರಾಚಿಯ ತಂದೆ ಸದಾನಂದ ಶೆಟ್ಟರು ಉಡುಪಿ ಕಡೆಯವರು. ಸ್ಟೇಷನ್ ಹತ್ತಿರ ಅವರದೊಂದು ಹೋಟೆಲು. ಮನೆಯಲ್ಲಿ ಗಂಡ ಹೆಂಡತಿ ತುಳುವಿನಲ್ಲಿ ಮಾತಾಡುತ್ತಾರೆ, ನನ್ನೊಡನೆ ಕನ್ನಡ. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಮೊದಲ ದಿನ ನನಗೆ ಕಿರಿಕಿರಿಯಾಯಿತು. ಎರಡನೆಯ ದಿನಕ್ಕೆ ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು ರೂಢಿಯಾಯಿತು.

"ರಾಯ್ರೇ, ನಿಮ್ಮದು ಒಂದು ಸೈನು ಬಿದ್ರೆ ಆಯ್ತು ನೋಡಿ" ಎಂದರು ಶೆಟ್ಟರು, ಬಟ್ಟಲಿಗೆ ಸಾರು ಬಡಿಸುತ್ತಾ. "ಇವಳು ಎಂತ ಮಾಡ್ತಾ ಇದ್ದಾಳೆ ಅಂತ ನಮಗೆ ಗೊತ್ತಾಗುದಿಲ್ಲ ಮಾರಾಯ್ರೇ. ಇಡೀ ದಿನ ಮಣ್ಣು ಹುರೀತಾಳೆ. ಹೋಟ್ಲಿನವನ ಮಗಳು ಹುರಿದದ್ದು ಮಣ್ಣು!"

"ಪಪ್ಪಾ, ಪ್ಲೀಸ್" ಎಂದಳು ಪ್ರಾಚಿ.

ಊಟದ ಹೊತ್ತಿನಲ್ಲಿ ಪರೀಕ್ಷೆಯ ಮಾತು ಬೇಡವೆಂದೆ. ಯಾರ ಮನೆಯಲ್ಲಿ ಉಣ್ಣುತ್ತೇನೋ ಅವರ ಕೆಲಸದ ಬಗ್ಗೆಯೇ ಬರೆಯಬೇಕಾದಾಗ ಇಂಥ ಒಂದು ಗೆರೆ ಇರಬೇಕು. ಶೆಟ್ಟರು ಒಪ್ಪಿ ಅಕ್ಕಿ ರೊಟ್ಟಿಯ ಕಡೆಗೆ ಮಾತು ತಿರುಗಿಸಿದರು. ಆದರೆ ಅವರ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದರು.

ಖಾರಘರ

ಪ್ರಾಚಿಯ ಕಾರ್ಖಾನೆ ಎಂದರೆ ಖಾರಘರದಲ್ಲಿ ಗುಡ್ಡದ ಕೆಳಗಿನ ಒಂದು ಎತ್ತರದ ಕಟ್ಟಡದ ಹದಿನಾಲ್ಕನೆಯ ಮಹಡಿಯ ಫ್ಲ್ಯಾಟು. ಗೇಟಿನಲ್ಲಿ ಹೆಸರು, ಫೋನ್ ನಂಬರು, ಬಂದ ಹೊತ್ತು, ಹೋಗುವ ಮನೆ ಎಲ್ಲ ಬರೆದುಕೊಂಡು, ಮೇಲಕ್ಕೆ ಫೋನು ಮಾಡಿ ಕೇಳಿದ ಮೇಲೇ ಒಳಗೆ ಬಿಡುತ್ತಾರೆ. ಬರೆಸುವವರು ಬೈದುಕೊಳ್ಳುತ್ತಾರೆ. ನನಗೆ ಬಹಳ ಇಷ್ಟವಾಯಿತು.

ಒಳಗೆ ಸಾಲಾಗಿ ಬಕೆಟುಗಳು, ಪ್ರತಿಯೊಂದರಲ್ಲೂ ಪರೀಕ್ಷೆ ನಡೆಯಬೇಕಿದ್ದ ಟ್ರ್ಯಾಕಿನಿಂದ ತಂದ ಮಣ್ಣು, ಮೇಲೆ ಚೀಟಿ. ಕೇಕ್ ಮಾಡುವ ಒಲೆಯಲ್ಲಿ ಮಣ್ಣನ್ನು ಒಣಗಿಸಿ, ತೂಗಿ, ಅಳತೆಯ ನೀರು ಬೆರೆಸಿ, ಯಂತ್ರ ಸರಿಯಾದ ಅಂಕಿ ತೋರಿಸುತ್ತದೋ ಎಂದು ಅವಳು ಪರೀಕ್ಷಿಸುತ್ತಾಳೆ. ಯಂತ್ರ ಸೋಪಿನ ಡಬ್ಬಿಯಷ್ಟು ದೊಡ್ಡದು, ಕೆಳಗೆ ಎರಡು ಉಕ್ಕಿನ ಮುಳ್ಳು. ನೆಲದಿಂದ ನಾಲ್ಕು ಅಂಗುಲ ಕೆಳಗೆ ಹೂಳಬೇಕು. ಅವಳ ಪುಸ್ತಕದಲ್ಲಿ ದಿನಾಂಕವಿಲ್ಲದ ಒಂದು ಸಾಲೂ ಇರಲಿಲ್ಲ. ಇದನ್ನು ನೋಡಿಯೇ ನಾನು ಅರ್ಧ ಒಲಿದಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

"ಒಂಬತ್ತು ಯಂತ್ರ ಹೂಳೋಣ. ಪ್ರತಿಯೊಂದರ ಪಕ್ಕ ಒಂದು ಬಾವುಟ. ಕೆಂಪು ಬಟ್ಟೆ, ಬಿಳಿ ಅಂಕಿ" ಎಂದೆ.

"ಝಂಡಾ ಕ್ಯೂಂ, ಅಂಕಲ್? ಫೋನ್ ಮೇ ಮ್ಯಾಪ್ ಹೈ ನಾ." ಫೋನಿನ ನಕ್ಷೆಯಲ್ಲಿ ಜಾಗಗಳೆಲ್ಲ ಗುರುತಾಗಿವೆ, ಬಾವುಟ ಯಾಕೆ ಎಂದು ಅವಳ ಪ್ರಶ್ನೆ.

"ನಕ್ಷೆ ನಿನಗೆ ಕಾಣುತ್ತೆ. ಬಾವುಟ ಎಲ್ಲರಿಗೂ ಕಾಣುತ್ತೆ. ಪರೀಕ್ಷೆ ಅಂದರೆ ಎಲ್ಲರ ಕಣ್ಣೆದುರಿಗೆ ನಡೀಬೇಕು."

ಅವಳು ಹೆಗಲು ಕುಣಿಸಿದಳು. ಸಂಜೆ ಡೊಂಬಿವಲಿಯ ಒಬ್ಬ ಟೈಲರ್ ಹತ್ತಿರ ಒಂಬತ್ತು ಬಾವುಟ ಹೊಲಿಸಿದೆವು. ಯಾವ ಪಕ್ಷ ಎಂದು ಆತ ಕೇಳಿದ. ಯಾವುದೂ ಅಲ್ಲ ಎಂದರೆ, ಹಾಗಾದರೆ ಸೊನ್ನೆಯಿಂದ ಶುರು ಮಾಡುತ್ತಿದ್ದೀರಿ ಎಂದ.

ಕಲ್ಯಾಣದಾಚೆ

ಕುದುರೆಗಳಿಗೆ ವ್ಯಾಯಾಮ ಮಾಡಿಸುವ ಖಾಸಗಿ ಟ್ರ್ಯಾಕು ಕಲ್ಯಾಣದಿಂದ ಮುರಬಾಡದ ಕಡೆಗೆ ಜೀಪಿನಲ್ಲಿ ಮುಕ್ಕಾಲು ಗಂಟೆ. ದೀಪಾವಳಿ ಕಳೆದು ವಾರವಾಗಿತ್ತು. ದಾರಿಯುದ್ದಕ್ಕೂ ಕೊಯ್ಲಾದ ಭತ್ತದ ಗದ್ದೆಗಳು, ನಡುನಡುವೆ ಮಾರಾಟಕ್ಕಿರುವ ಬಂಗಲೆಗಳ ದೊಡ್ಡ ಹಲಗೆಗಳು. ಟ್ರ್ಯಾಕು ಮೊಟ್ಟೆಯ ಆಕಾರದ್ದು, ಮಣ್ಣಿಗೆ ಮರಳು ಬೆರೆಸಿದ ನೆಲ. ನಮ್ಮ ಹುಲ್ಲಿನ ಟ್ರ್ಯಾಕಿನ ಮುಂದೆ ಬಡವಾಗಿ ಕಂಡರೂ ಕಟ್ಟೆಗಳು ನೇರವಾಗಿದ್ದವು, ಸುಣ್ಣ ಹೊಸದಾಗಿತ್ತು.

ನೀರು ಹಾಕುವ ಕೆಲಸ ಸುಮನ್ ಎಂಬ ಹೆಂಗಸಿನದು. ವಯಸ್ಸು ಐವತ್ತೈದಿರಬಹುದು. ಎಲ್ಲರೂ ಮಾವಶಿ ಎನ್ನುತ್ತಿದ್ದರು, ಚಿಕ್ಕಮ್ಮ ಎಂದ ಹಾಗೆ. ಕಚ್ಚೆ ಸೀರೆ ಉಟ್ಟು, ತೊಡೆಯಷ್ಟು ದಪ್ಪದ ಪೈಪನ್ನು ಹೆಗಲ ಮೇಲೆ ಎಳೆದುಕೊಂಡು ಹೋಗುತ್ತಿದ್ದಳು. ಅವಳೇ ಒಂಬತ್ತು ಗುಂಡಿ ತೋಡಿಕೊಟ್ಟಳು. ನಾನು ನಾಲ್ಕು ಅಂಗುಲ ಅಳೆದೆ, ಪ್ರಾಚಿ ಯಂತ್ರ ಇಟ್ಟಳು, ಮಾವಶಿ ಮಣ್ಣು ಮುಚ್ಚಿ ತುಳಿದಳು. ಪಕ್ಕದಲ್ಲಿ ಬಾವುಟ ನೆಟ್ಟೆವು. ದೂರದಿಂದ ನೋಡಿದರೆ ಏನೋ ಸಮಾರಂಭವಿದ್ದ ಹಾಗಿತ್ತು. ಮಣ್ಣು ಕೂರಲಿ ಎಂದು ಎರಡು ದಿನ ಬಿಟ್ಟೆವು.

ಮೊದಲ ಬೆಳಗ್ಗೆ ಆರೂವರೆಗೆ ಒಂದನೆಯ ಬಾವುಟದಿಂದ ಆರಂಭಿಸಿದೆ. ಕೋಲು ನಿಲ್ಲಿಸುವುದು, ಮೂರು ಸಲ ಗುಂಡು ಬಿಡುವುದು, ಅಂಕಿ ಹೇಳುವುದು. ಪ್ರಾಚಿ ಫೋನಿನ ಅಂಕಿ ಹೇಳುತ್ತಿದ್ದಳು. ನೆಲ ಮೆತ್ತಗೆ ಎಂದಿತು ಕೋಲು, ತೇವ ಇದೆ ಎಂದಿತು ಫೋನು. ಒಂಬತ್ತಕ್ಕೆ ಒಂಬತ್ತೂ ಹೊಂದಿದವು. ಮರುದಿನವೂ ಹಾಗೆಯೇ. ಮೂವತ್ತೊಂದು ವರ್ಷದಲ್ಲಿ ಇಷ್ಟು ಒಂದೇ ಸಮನಾದ ನೆಲವನ್ನು ನಾನು ಕಂಡಿರಲಿಲ್ಲ. ಆಗಲೇ ಅನುಮಾನ ಪಡಬೇಕಿತ್ತು. ಪಡಲಿಲ್ಲ. ಟ್ರ್ಯಾಕನ್ನು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದು ಮಾವಶಿಯ ಬೆನ್ನು ತಟ್ಟಿದೆ.

ಸಮಿತಿಯವರು ಕೊಟ್ಟ ನಮೂನೆಯಲ್ಲಿ ಎರಡು ಚೌಕಗಳಿದ್ದವು, ಯೋಗ್ಯ ಮತ್ತು ಅಯೋಗ್ಯ. ಅಂದು ಮಧ್ಯಾಹ್ನ ಮೊದಲ ಚೌಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ನಾಳೆ ಕುದುರೆ ಓಡುವುದನ್ನು ಒಮ್ಮೆ ನೋಡಿ, ಪೆನ್ನಿನಿಂದ ತಿದ್ದಿ, ಸಂಜೆಯ ರೈಲು ಹತ್ತುವುದೆಂದು ನಿಶ್ಚಯಿಸಿದೆ. ಪ್ರಾಚಿ ಪೆನ್ಸಿಲಿನ ಗುರುತನ್ನು ನೋಡಿದಳು. ಕಟ್ಟೆಯ ಮೇಲೆ ಕುಳಿತು ಮುಖ ತೊಳೆದುಕೊಂಡಳು, ತೊಳೆದುಕೊಳ್ಳುತ್ತಲೇ ಇದ್ದಳು. ಶೆಟ್ಟರು ಆ ದಿನ ಹೋಟೆಲಿಗೆ ಬಂದವರಿಗೆಲ್ಲ ಪೇಢಾ ಹಂಚಿದರು.

ಧೂಳು

ಮರುದಿನ ಕಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ಟ್ರ್ಯಾಕಿಗೆ ಬಿಟ್ಟರು. ನಾನೂ ಪ್ರಾಚಿಯೂ ಕಟ್ಟೆಯ ಪಕ್ಕ ನಿಂತಿದ್ದೆವು. ಕುದುರೆ ತಿರುವು ದಾಟಿ ನೇರ ದಾರಿಗೆ ಬಂತು. ಅದರ ಹಿಂದೆ, ಆಳೆತ್ತರ, ಧೂಳು.

ಲಾಯದ ಜಮಾದಾರ ಇಕ್ಬಾಲ್ ನಮ್ಮ ಹಿಂದೆ ನಿಂತಿದ್ದ. ಎಲ್ಲ ಕುದುರೆಗಳ ಮೇಲ್ವಿಚಾರಣೆ ಅವನದು. "ವಾಹ್ ಸಾಬ್" ಎಂದ. "ಆಪ್ ಕಾ ಗೀಲಾ ಟ್ರ್ಯಾಕ್ ದೇಖೋ. ಕೈಸೇ ಉಡ್ ರಹಾ ಹೈ." ನಿಮ್ಮ ಒದ್ದೆ ಟ್ರ್ಯಾಕು ಹೇಗೆ ಹಾರುತ್ತಿದೆ ನೋಡಿ ಎಂದು.

ಪ್ರಾಚಿ ಫೋನು ನೋಡಿದಳು. ಒಂಬತ್ತೂ ಕಡೆ ತೇವ.

ಕುದುರೆ ಹೋದ ಮೇಲೆ ನಾನು ಕೋಲು ಎತ್ತಿಕೊಂಡು ಮೂರನೆಯ ಮತ್ತು ನಾಲ್ಕನೆಯ ಬಾವುಟಗಳ ನಡುವೆ ನಿಲ್ಲಿಸಿದೆ. ಮೂರು ಸಲ ಗುಂಡು ಬಿಟ್ಟೆ. ಕೋಲು ಅರ್ಧ ಬೆರಳೂ ಇಳಿಯಲಿಲ್ಲ. ಹತ್ತು ಹೆಜ್ಜೆ ಮುಂದೆ ಹೋಗಿ ಬಾವುಟದ ಬುಡದಲ್ಲಿ ಬಿಟ್ಟೆ. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

ಆಗ ಮಾವಶಿ ಪೈಪು ಎಳೆದುಕೊಂಡು ಬಂದಳು. ಒಂದನೆಯ ಬಾವುಟದ ಸುತ್ತ ನೀರು ಬಿಟ್ಟಳು. ಪೈಪನ್ನು ಮಡಿಸಿ ನೀರು ನಿಲ್ಲಿಸಿ ಎರಡನೆಯದಕ್ಕೆ ನಡೆದಳು. ಅಲ್ಲೂ ಅಷ್ಟೇ ಅಚ್ಚುಕಟ್ಟು. ಆಮೇಲೆ ಮೂರನೆಯದು.

"ಮಾವಶಿ, ಹೇ ಕಾಯ್?" ಇದೇನು ಎಂದು ಕೂಗಿದಳು ಪ್ರಾಚಿ.

"ಝೇಂಡ್ಯಾಪಾಶೀ ಪಾಣೀ ಘಾಲ್ತೇ" ಎಂದಳು ಮಾವಶಿ, ಬಾವುಟದ ಹತ್ತಿರ ನೀರು ಹಾಕುತ್ತಿದ್ದೇನೆ ಎಂದು. ಮೈಸೂರಿನಿಂದ ಸಾಹೇಬರು ನೋಡಲು ಬರುತ್ತಾರೆ, ಅವರು ಬಾವುಟದ ಹತ್ತಿರವೇ ನೋಡುತ್ತಾರೆ, ಅಲ್ಲಿ ನೆಲ ಚೆನ್ನಾಗಿ ಕಾಣಬೇಡವೇ? ಬಾವಿಯಲ್ಲಿ ನೀರು ಕಡಿಮೆ, ಎಲ್ಲ ಕಡೆಗೂ ಸಾಲದು. ನಾಲ್ಕು ದಿನದಿಂದಲೂ ಹಾಗೇ ಮಾಡಿದ್ದಾಳೆ. ನಿನ್ನೆ ಸಾಹೇಬರು ಬೆನ್ನು ತಟ್ಟಿದರಲ್ಲ.

ಅವಳು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಲ್ಲೂ ಮೇಲಿನವರು ಬರುವ ದಿನ ಅವರು ನಡೆಯುವ ದಾರಿಗೆ ಮಾತ್ರ ಸುಣ್ಣ ಬಳಿಯುತ್ತಿದ್ದೆವು. ಬಳಿಸಿದವನು ನಾನೇ. ಎಲ್ಲಿ ಪರೀಕ್ಷೆ ನಡೆಯುತ್ತದೆ ಎಂದು ಕೆಂಪು ಬಟ್ಟೆಯಲ್ಲಿ ಬರೆದು ತೋರಿಸಿ, ಪರೀಕ್ಷೆ ಹೊಂದಿತು ಎಂದು ಸಂತೋಷಪಟ್ಟವನೂ ನಾನೇ. ಒಂಬತ್ತು ಕಡೆಯೂ ಒಂದೇ ಒದ್ದೆ ಇದ್ದಾಗ ಯಂತ್ರ ಒದ್ದೆ ಎಂದರೆ ಏನು ಸಾಬೀತಾಯಿತು? ಕೆಟ್ಟು ನಿಂತ ಯಂತ್ರವೂ ಅದನ್ನೇ ಹೇಳಬಹುದಿತ್ತು.

ನಮೂನೆ ತೆಗೆದು ಪೆನ್ಸಿಲಿನ ಗುರುತನ್ನು ಅಳಿಸಿದೆ. ಪ್ರಾಚಿ ನೋಡುತ್ತಿದ್ದಳು.

"ತೋ ಫೇಲ್?" ಎಂದಳು.

"ಫೇಲ್ ಅಲ್ಲ. ಪರೀಕ್ಷೆಯೇ ಆಗಲಿಲ್ಲ. ತಪ್ಪು ನನ್ನದು."

"ಪಪ್ಪಾ ನೇ ಪೇಢಾ ಬಾಂಟ್ ದಿಯಾ, ಅಂಕಲ್." ಅಪ್ಪ ಪೇಢಾ ಹಂಚಿ ಆಯಿತು ಎಂದು.

ಶೆಟ್ಟರಿಗೆ ನಾನೇ ಫೋನು ಮಾಡಿದೆ. ನಡೆದದ್ದನ್ನು ಹೇಳಿದೆ. "ರಾಯ್ರೇ, ಹೊಂದಿಕೆ ಆಗಿತ್ತಲ್ಲ? ಯಾರು ಕೇಳ್ತಾರೆ ಈಗ? ಮತ್ತೆ ಮಾಡಿ ಆಗ್ಲಿಲ್ಲ ಅಂದ್ರೆ ಇವಳ ಕತೆ ಎಂತ?" ಎಂದರು. ಕುದುರೆಯ ಕಾಲು ಕೇಳುತ್ತೆ ಶೆಟ್ಟರೇ ಎಂದೆ. ಅವರು ಫೋನು ಇಟ್ಟರು. ಸಂಜೆಯ ಟಿಕೆಟ್ಟನ್ನು ರದ್ದು ಮಾಡಿಸಿದೆ. ಹೀಗೆ ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ರದ್ದು ಮಾಡುವ ವಿಧಾನ ಗೊತ್ತಿಲ್ಲದೆ ಅದನ್ನೂ ಪ್ರಾಚಿಯಿಂದಲೇ ಮಾಡಿಸಬೇಕಾಯಿತು.

ಮನೆಯಲ್ಲಿ ಆ ರಾತ್ರಿ ಊಟಕ್ಕೆ ಕೊರತೆಯಾಗಲಿಲ್ಲ, ಮಾತಿಗಾಯಿತು.

ಬಾವುಟವಿಲ್ಲದ ಬೆಳಗ್ಗೆ

ಬಾವುಟ ಕಿತ್ತೆವು. ಯಂತ್ರಗಳನ್ನು ತೆಗೆದು ಬೇರೆ ಒಂಬತ್ತು ಜಾಗದಲ್ಲಿ ಹೂತೆವು. ಕೆಲವು ನೀರು ಬಿದ್ದಲ್ಲಿ, ಕೆಲವು ಒಣಗಿದಲ್ಲಿ, ಎರಡು ತಿರುವಿನಲ್ಲಿ. ಮೇಲೆ ಗುರುತಿಲ್ಲ. ಮಾವಶಿಗೆ ಪ್ರಾಚಿ ಮರಾಠಿಯಲ್ಲಿ ಎಲ್ಲ ವಿವರಿಸಿ, ನಿನ್ನ ಇಷ್ಟದಂತೆ ನೀರು ಹಾಕು ಎಂದಳು. ಮತ್ತೆ ಎರಡು ದಿನ ಕಾದೆವು. ಆ ಎರಡು ದಿನ ಶೆಟ್ಟರ ಹೋಟೆಲಿನ ಮೂಲೆಯ ಮೇಜಿನಲ್ಲಿ ಕುಳಿತು ಬಂದು ಹೋಗುವವರನ್ನು ನೋಡಿದೆ. ಇಲ್ಲಿಯವರು ಇಡ್ಲಿಯನ್ನು ನಿಂತೇ ತಿನ್ನುತ್ತಾರೆ, ಸಾಂಬಾರನ್ನು ಚಹಾದ ಹಾಗೆ ಕುಡಿಯುತ್ತಾರೆ, ಐದು ನಿಮಿಷ ಆದೊಡನೆ ಕೈ ಒರೆಸುತ್ತಾ ಓಡುತ್ತಾರೆ.

ಮೂರನೆಯ ಬೆಳಗ್ಗೆ ನಡೆದದ್ದು ಹೀಗೆ. ಪ್ರಾಚಿ ದೂರದಲ್ಲಿ ಕಟ್ಟೆಯ ಮೇಲೆ ಕುಳಿತು ಫೋನಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಳು. ಅವಳು ಕಾಗದದ ಮೇಲೆ ಬರೆದುಕೊಟ್ಟ ನಕ್ಷೆ ಹಿಡಿದು ಇಕ್ಬಾಲ್ ನನ್ನನ್ನು ಜಾಗದಿಂದ ಜಾಗಕ್ಕೆ ಕರೆದೊಯ್ದ. ನಾನು ಕೋಲಿನ ಅಂಕಿಗಳನ್ನು ನನ್ನ ಹಾಳೆಯಲ್ಲಿ ಬರೆದೆ. ಒಬ್ಬರ ಹಾಳೆ ಒಬ್ಬರಿಗೆ ಕಾಣದು. ಮುಗಿದ ಮೇಲೆ ಕಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟೆವು.

ಒಣ ಜಾಗದಲ್ಲಿ ಯಂತ್ರ ಒಣ ಎಂದಿತ್ತು. ಒದ್ದೆಯಲ್ಲಿ ಒದ್ದೆ. ನಡುವಿನದರಲ್ಲಿ ನಡುವಿನದು. ಏಳು ಹೊಂದಿದವು. ಪ್ರಾಚಿಯ ಬೆರಳು ಎಂಟನೆಯ ಸಾಲಿಗೆ ಬಂದು ನಿಂತಿತು. ತಿರುವಿನ ಎರಡೂ ಜಾಗದಲ್ಲಿ ಯಂತ್ರ ತೇವ ಎನ್ನುತ್ತಿತ್ತು, ನನ್ನ ಕೋಲು ಕಲ್ಲಿನಂತೆ ಗಟ್ಟಿ ಎನ್ನುತ್ತಿತ್ತು.

"ಅಗೆಯೋಣ" ಎಂದೆ.

ಮಾವಶಿ ಗುದ್ದಲಿ ಹಾಕಿದಳು. ಮೇಲಿನ ಎರಡು ಅಂಗುಲ ಎರಡೇ ದಿನದಲ್ಲಿ ಮತ್ತೆ ಇಟ್ಟಿಗೆಯ ಹಾಗೆ ಹೆಪ್ಪುಗಟ್ಟಿತ್ತು. ಅದರ ಕೆಳಗೆ, ಯಂತ್ರ ಇದ್ದಲ್ಲಿ, ಮಣ್ಣು ನಿಜಕ್ಕೂ ಒದ್ದೆಯಾಗಿತ್ತು. ತಿರುವಿನಲ್ಲಿ ಕುದುರೆಗಳು ಗೊರಸು ಊರಿ ತಿರುಗುವುದರಿಂದ ಮೇಲ್ಪದರ ಒತ್ತಿಕೊಂಡು, ಒಣಗಿ, ಗಟ್ಟಿಯಾಗುತ್ತದೆ. ನಾಲ್ಕು ಅಂಗುಲ ಕೆಳಗೆ ಕುಳಿತ ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಕೋಲು ಸುಳ್ಳು ಹೇಳಿರಲಿಲ್ಲ, ಯಂತ್ರವೂ ಹೇಳಿರಲಿಲ್ಲ. ಆದರೆ ಕುದುರೆಯ ಗೊರಸು ಮೊದಲು ಬೀಳುವುದು ಮೇಲಿನ ಪದರದ ಮೇಲೆ.

"ಅಬ್ ಕ್ಯಾ ಲಿಖೋಗೇ, ಅಂಕಲ್?" ಎಂದು ಪ್ರಾಚಿ ಕೇಳಿದಳು. ನಾನು ಏನು ಬರೆಯುತ್ತೇನೆಂಬುದು ಅವಳಿಗೆ ಗೊತ್ತಿತ್ತು ಎಂದು ಕಾಣುತ್ತದೆ. ಕಣ್ಣು ಗುಂಡಿಯಲ್ಲಿತ್ತು.

ನಮೂನೆಯ ಎರಡೂ ಚೌಕಗಳನ್ನು ಖಾಲಿ ಬಿಟ್ಟೆ. ಮೊದಲಿಗೆ ನನ್ನ ಬಾವುಟಗಳಿಂದ ಒಂದು ಪರೀಕ್ಷೆ ಹಾಳಾದದ್ದನ್ನು ಬರೆದೆ. ಕೆಳಗೆ ಬರೆದ ಸಾಲು ಇದು. ಎಲ್ಲಿಗೆ ನೀರು ಬೇಕು ಎಂದು ತಿಳಿಯಲು ಈ ಯಂತ್ರ ತಕ್ಕದ್ದು; ಪಂದ್ಯದ ದಿನ ನೆಲದ ಅಂಕಿ ಸಾರಲು ಇದೊಂದನ್ನೇ ನಂಬುವಂತಿಲ್ಲ, ಕೋಲೂ ಬೇಕು. ಓದಿ ಹೇಳಿದೆ. ಕನ್ನಡವಾದ್ದರಿಂದ ಅವಳಿಗೆ ಓದಲು ಬರುತ್ತಿರಲಿಲ್ಲ.

ಕೋಲಿನ ಬದಲು ತನ್ನ ಯಂತ್ರ ಬರಬೇಕೆಂದು ಎರಡು ವರ್ಷ ದುಡಿದವಳು ಅವಳು. ಸ್ವಲ್ಪ ಹೊತ್ತು ಗುಂಡಿಯ ಅಂಚಿನ ಮಣ್ಣನ್ನು ಪುಡಿಮಾಡುತ್ತಾ ಕುಳಿತಳು. ಆಮೇಲೆ, "ಪಾನೀ ಕೇ ಲಿಯೇ" ಎಂದು ತನಗೇ ಹೇಳಿಕೊಂಡಳು. ನೀರಿಗೆ. ಎದ್ದು, ಪೈಪಿನ ಹತ್ತಿರ ಹೋಗಿ, ಫೋನನ್ನು ಮಾವಶಿಯ ಕೈಗೆ ಕೊಟ್ಟಳು. ಒಂಬತ್ತು ಚುಕ್ಕೆಗಳು, ನೀಲಿ ಎಂದರೆ ಒದ್ದೆ, ಕೆಂಪು ಎಂದರೆ ಒಣ ಎಂದು ಮರಾಠಿಯಲ್ಲಿ ತೋರಿಸಿದಳು.

ಮಾವಶಿ ಸೀರೆಯ ಸೆರಗಿಗೆ ಕೈ ಒರೆಸಿ ಫೋನು ಹಿಡಿದಳು. ಪರದೆ ನೋಡಿದಳು, ನೆಲ ನೋಡಿದಳು. ಎರಡನೆಯ ಜಾಗದಲ್ಲಿ ನಿಂತು ಕಾಲಿನಿಂದ ಮಣ್ಣು ಕೆದರಿದಳು. "ಇಥಂ ನಕೋ" ಎಂದಳು, ಇಲ್ಲಿ ಬೇಡ. ಭಾರದ ಪೈಪನ್ನು ಹೆಗಲಿಗೇರಿಸಿ ಆ ಜಾಗ ದಾಟಿಕೊಂಡು, ಕೆಂಪು ಚುಕ್ಕೆಯಿದ್ದ ಐದನೆಯ ಜಾಗಕ್ಕೆ ನಡೆದು ನೀರು ಬಿಟ್ಟಳು. ಅಲ್ಲಿಂದಲೇ ತಿರುಗಿ ನಮ್ಮಿಬ್ಬರಿಗೂ ಸೇರಿಸಿ ಕೂಗಿದಳು:

"ಇತ್ಕೇ ದಿವಸ್ ಮಲಾ ಕಾ ನಾಹೀ ದಾಖವ್ಲಂ?"

ಇಷ್ಟು ದಿನ ನನಗೇಕೆ ತೋರಿಸಲಿಲ್ಲ ಎಂದು. ಪ್ರಾಚಿ ಪುಸ್ತಕ ತೆಗೆದು ದಿನಾಂಕ ಹಾಕಿ, ಆ ಪ್ರಶ್ನೆಯನ್ನು ಮೊದಲ ಸಾಲಿನಲ್ಲಿ ಬರೆದುಕೊಂಡಳು.